ನಾಗರಭಾವಿಯ ನಾಲ್ಕು ಗಂಟೆ ದೋಸೆ

ಬೆಂಗಳೂರಲ್ಲಿ ಒಳ್ಳೆ ವೆಜ್ ಹೋಟೆಲ್ ಯಾವುದು ಅಂತ ಯಾರನ್ನೇ ಕೇಳಿ, ಬರುವ ಹೆಸರುಗಳು ಅವೇ. ಲಾಲ್‌ಬಾಗ್ ರಸ್ತೆಯ ಎಂಟಿಆರ್, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, ಮಲ್ಲೇಶ್ವರದ ಸಿಟಿಆರ್ ಮತ್ತು ವೀಣಾ ಸ್ಟೋರ್ಸ್, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. ಈ ಪಟ್ಟಿ ಬಗ್ಗೆ ನನ್ನ ತಕರಾರೇನೂ ಇಲ್ಲ. 1924ರಲ್ಲಿ ಶುರುವಾದ ಎಂಟಿಆರ್, 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ ಇವತ್ತಿಗೂ ಬಾಗಿಲಲ್ಲಿ ಜನ ನಿಲ್ಲಿಸಿಕೊಂಡಿವೆ ಅಂದರೆ ಅದು ಸುಮ್ನೆ ಆಗುವ ಮಾತಲ್ಲ. ನನ್ನ ತಕರಾರು ಏನಿದ್ದರೂ ದೂರದ್ದು. ನಾನಿರುವುದು ನಾಗರಭಾವಿಯಲ್ಲಿ. ಕೆಲಸದ ದಿನ ಬೆಳಿಗ್ಗೆ ಇಲ್ಲಿಂದ ಗಾಂಧಿ ಬಜಾರಿಗೆ ಹೋಗಿ, ಪಾರ್ಕಿಂಗ್ ಹುಡುಕಿ, ಹೆಸರು ಬರೆಸಿ, ಕರೆಯುವ ತನಕ ಕಾದು, ದೋಸೆ ತಿಂದು ವಾಪಸ್ ಬರುವಷ್ಟರಲ್ಲಿ ಆಫೀಸಿನಲ್ಲಿ ಎಲ್ಲರೂ ಊಟದ ಡಬ್ಬಿ ತೆಗೆದಿರುತ್ತಾರೆ. ಅದೂ ಶುಕ್ರವಾರ ಆಗಿರಬಾರದು, ವಿದ್ಯಾರ್ಥಿ ಭವನಕ್ಕೆ ಅವತ್ತು ರಜೆ. ಸೋಮವಾರ ಎಂಟಿಆರ್‌ಗೆ ರಜೆ. ಆ ಹೋಟೆಲ್‌ಗಳು ಭಾನುವಾರಕ್ಕೆ, ಊರಿಂದ ನೆಂಟರು ಬಂದಾಗ, ಹಳೇ ಸ್ನೇಹಿತರು ಸಿಕ್ಕಾಗ.

ಉಳಿದ ದಿನ? ನಡೆದು ಹೋಗುವಷ್ಟು ಹತ್ತಿರ ಇರಬೇಕು, ಮಳೆ ಬಂದರೆ ಓಡಿ ವಾಪಸ್ ಬರುವಂತಿರಬೇಕು, ವಾರಕ್ಕೆ ಮೂರು ಸಲ ತಿಂದರೂ ಹೊಟ್ಟೆ ಮುನಿಸಿಕೊಳ್ಳಬಾರದು, ಜೇಬೂ ಮುನಿಸಿಕೊಳ್ಳಬಾರದು. ಅಂಥ ಹೋಟೆಲ್ ಹುಡುಕುವುದು ಹೇಗೆ ಅನ್ನುವುದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ.

ನಮ್ಮ ಏರಿಯಾದಲ್ಲಿ ಹೋಟೆಲ್‌ಗಳಿಗೇನೂ ಬರವಿಲ್ಲ. ರಿಂಗ್ ರೋಡ್ ಪಕ್ಕದಲ್ಲಿದೆ, ಜ್ಞಾನಭಾರತಿ ಕ್ಯಾಂಪಸ್ ಇದೆ, ಲಾ ಸ್ಕೂಲ್ ಇದೆ, ಪಿಜಿಗಳು ಗಲ್ಲಿಗೆ ನಾಲ್ಕು. ಸರ್ಕಲ್‌ನಿಂದ ಯಾವ ಕಡೆ ನಡೆದರೂ ಹಸಿರು ಬೋರ್ಡು, ಮೇಲೆ ದೇವರ ಹೆಸರು, ಕೆಳಗೆ ಸಾಲಾಗಿ ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ಚಾಟ್ಸ್, ಜ್ಯೂಸ್. ಎಲ್ಲ ಕಡೆ ಎಲ್ಲವೂ ಸಿಗುತ್ತದೆ. ಮ್ಯಾಪಿನಲ್ಲಿ ನೋಡಿದರೆ ಒಂದಕ್ಕೆ 4.1, ಇನ್ನೊಂದಕ್ಕೆ 4.2. ಇದನ್ನಿಟ್ಟುಕೊಂಡು ಏನು ಮಾಡುವುದು ಹೇಳಿ.

ನನಗೆ ದಾರಿ ತೋರಿಸಿದ್ದು ಸರ್ಕಲ್ ಹತ್ತಿರದ ಸ್ಟ್ಯಾಂಡಿನ ಒಬ್ಬ ಆಟೋ ಡ್ರೈವರ್. ಇಲ್ಲಿಗೆ ಬಂದ ಹೊಸದರಲ್ಲಿ "ಅಣ್ಣಾ, ಇಲ್ಲಿ ಒಳ್ಳೆ ಹೋಟ್ಲು ಯಾವುದು?" ಅಂತ ಕೇಳಿದರೆ ಎಲ್ಲರೂ ದೊಡ್ಡ ಬೋರ್ಡಿನ ಹೋಟೆಲ್ ಕಡೆ ಕೈ ತೋರಿಸುತ್ತಿದ್ದರು. ಇವರನ್ನು ಬೇರೆ ಥರ ಕೇಳಿದೆ. "ನೀವು ಬೆಳಿಗ್ಗೆ ಎಲ್ಲಿ ತಿಂಡಿ ತಿಂತೀರಾ?"

"ಏನ್ ತಿನ್ಬೇಕು ಅಂತ ಇದೀರಾ, ಅದನ್ ಹೇಳಿ ಸಾರ್" ಅಂದರು. "ಇಡ್ಲಿ ಆದ್ರೆ ಈ ಮೂಲೆಯವರದ್ದು, ಎಂಟೂವರೆ ಒಳಗೆ ಹೋಗ್ಬೇಕು. ರೈಸ್‌ಬಾತ್ ಆದ್ರೆ ಬ್ಯಾಂಕ್ ಮುಂದೆ ಗಾಡಿ. ಕಾಫಿ ಎರಡು ಕಡೆನೂ ಬೇಡ, ಆ ಮೆಡಿಕಲ್ ಸ್ಟೋರ್ ಪಕ್ಕ ಕುಡೀರಿ. ದೋಸೆ ಬೆಳಿಗ್ಗೆ ಇಲ್ಲೆಲ್ಲೂ ತಿನ್ಬೇಡಿ, ಸಾಯಂಕಾಲ ತಿನ್ನಿ."

ಅಷ್ಟೇ. ನಾನು ಕೇಳಿದ್ದು ಒಂದು ಹೋಟೆಲ್, ಅವರು ಹೇಳಿದ್ದು ಇಡೀ ದಿನದ ಲೆಕ್ಕ. ಅವತ್ತಿಂದ ನಾನು ಹುಡುಕುವ ರೀತಿಯೇ ಬದಲಾಯಿತು. ಎಲ್ಲ ಹೊತ್ತಿಗೂ ಎಲ್ಲ ತಿಂಡಿಯೂ ಚೆನ್ನಾಗಿರುವ ಹೋಟೆಲ್ ಅಂತ ಒಂದು ಏರಿಯಾದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಈ ಹೊತ್ತಿಗೆ ಈ ತಿಂಡಿ ಇಲ್ಲಿ ಚೆನ್ನಾಗಿರುತ್ತದೆ ಅನ್ನುವುದು ಮಾತ್ರ ಇರುತ್ತದೆ. ಅದು ಗೊತ್ತಾದರೆ 3.8 ಸ್ಟಾರಿನ ಹೋಟೆಲಲ್ಲೂ ಅದ್ಭುತವಾಗಿ ತಿನ್ನಬಹುದು. ಗೊತ್ತಿಲ್ಲದಿದ್ದರೆ ಹೆಸರಾಂತ ಜಾಗದಲ್ಲೂ ತಣ್ಣಗಿನ ವಡೆ ತಿಂದು, ದುಡ್ಡು ಕೊಟ್ಟು ಬೈಕೊಂಡು ಬರಬಹುದು.

ಯಾಕೆ ಹೀಗೆ ಅನ್ನುವುದಕ್ಕೆ ಹಿಂದುಗಡೆ ಅಡುಗೆಮನೆ ಹೇಗೆ ನಡೆಯುತ್ತದೆ ಅಂತ ನೋಡಬೇಕು. ಇಡ್ಲಿ, ದೋಸೆ ಹಿಟ್ಟು ಹಿಂದಿನ ದಿನವೇ ರುಬ್ಬಿ ಹುದುಗಲು ಬಿಟ್ಟದ್ದು. ಇಡ್ಲಿ ಬೆಳಿಗ್ಗೆ ಆರಕ್ಕೆ ಬೇಯಲು ಶುರು, ಆಮೇಲೆ ಜನ ಬಂದ ಹಾಗೆ ಸ್ಟ್ಯಾಂಡ್ ಮೇಲೆ ಸ್ಟ್ಯಾಂಡ್ ಇಳಿಯುತ್ತದೆ. ಏಳೂವರೆಯಿಂದ ಎಂಟೂವರೆ ಒಳಗೆ ಇಳಿದ ಇಡ್ಲಿ ಹತ್ತು ನಿಮಿಷವೂ ಕೂರುವುದಿಲ್ಲ, ಹೊರಟೇಬಿಡುತ್ತದೆ. ಹತ್ತು ಗಂಟೆಗೆ ಹೋದರೆ ಅದೇ ಭಟ್ಟರು, ಅದೇ ಹಿಟ್ಟು, ಆದರೆ ಇಡ್ಲಿ ಮುಚ್ಚಿದ ಡಬ್ಬದಲ್ಲಿ ಬೆವರಿ ಒದ್ದೆಯಾಗಿರುತ್ತದೆ. ಚಟ್ನಿಗೆ ಅರ್ಧ ಕೊಡ ನೀರು ಬಿದ್ದಿರುತ್ತದೆ. ಹೋಟೆಲ್ ಕೆಟ್ಟದ್ದಲ್ಲ, ಹೊತ್ತು ಮೀರಿದೆ.

ಚಟ್ನಿ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನನಗೆ ಒಂದು ಹೊಸ ಹೋಟೆಲ್ ಅರ್ಥ ಆಗುವುದು ಚಟ್ನಿಯಿಂದ, ಸಾಂಬಾರಿನಿಂದ ಅಲ್ಲ. ಸಾಂಬಾರಿನಲ್ಲಿ ಬಚ್ಚಿಡಲು ಜಾಗ ಜಾಸ್ತಿ: ಬೆಲ್ಲ ಇದೆ, ಹುಣಸೆಹಣ್ಣಿದೆ, ಪುಡಿ ಇದೆ, ನಿನ್ನೆಯದ್ದನ್ನೂ ಕುದಿಸಿ ಸೇರಿಸಬಹುದು. ಚಟ್ನಿಯಲ್ಲಿ ಏನೂ ಬಚ್ಚಿಡಲು ಆಗುವುದಿಲ್ಲ. ಬ್ರಾಹ್ಮಿನ್ಸ್ ಕಾಫಿ ಬಾರ್‌ನವರು ಸಾಂಬಾರನ್ನೇ ಇಡದೆ ಬರೀ ಚಟ್ನಿ ನಂಬಿಕೊಂಡು 1965ರಿಂದ ನಡೆಸಿಕೊಂಡು ಬಂದಿದ್ದಾರೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಮುಗಿಯಿತು. ಅದಕ್ಕೆ ಎದೆಗಾರಿಕೆ ಬೇಕು ಕಣ್ರೀ.

ನಮ್ಮ ಮೂಲೆ ಹೋಟೆಲಲ್ಲಿ ನಾನು ಇದನ್ನು ಹತ್ತಿರದಿಂದ ನೋಡಿದ್ದು 2025ರಲ್ಲಿ, ತೆಂಗಿನಕಾಯಿ ರೇಟು ಸಿಕ್ಕಾಪಟ್ಟೆ ಏರಿದಾಗ. ಏರಿಯಾದ ಎಲ್ಲ ಹೋಟೆಲ್ ಚಟ್ನಿಗಳ ಬಣ್ಣ ಒಂದೊಂದೇ ಬದಲಾಯಿತು. ಬಿಳಿ ಇದ್ದದ್ದು ಹಳದಿಗೆ ತಿರುಗಿತು, ಅಂದರೆ ಕಾಯಿ ಕಮ್ಮಿಯಾಗಿ ಹುರಿಗಡಲೆ ಜಾಸ್ತಿಯಾಯಿತು. ನಾಲಿಗೆ ಮೇಲೆ ಹಿಟ್ಟು ಹಿಟ್ಟು. ಒಂದು ಕಡೆಯಂತೂ ಶೇಂಗಾ ಹಾಕಿ ಅದನ್ನೇ 'ಸ್ಪೆಷಲ್' ಅಂದರು. ಮೂಲೆಯವರು ಬೇರೆ ದಾರಿ ಹಿಡಿದರು. ಮೊದಲೆಲ್ಲ ಕೌಂಟರ್ ಮೇಲೆ ಚಟ್ನಿ ಬಕೆಟ್ ಇಟ್ಟು ಎಷ್ಟು ಬೇಕಾದರೂ ಹಾಕಿಕೊಳ್ಳಿ ಅನ್ನುತ್ತಿದ್ದರು. ಅದನ್ನು ಒಳಗಿಟ್ಟು, ಒಬ್ಬ ಹುಡುಗನ ಕೈಗೆ ಸೌಟು ಕೊಟ್ಟರು. ಕೇಳಿದರೆ ಎರಡನೇ ಸಲ ಹಾಕುತ್ತಾನೆ, ಮೂರನೇ ಸಲಕ್ಕೆ ಗಲ್ಲಾದಲ್ಲಿ ಕೂತ ಯಜಮಾನರ ಮುಖ ನೋಡುತ್ತಾನೆ. ಚಟ್ನಿ ಮಾತ್ರ ಹಾಗೇ ಇತ್ತು, ಹಸಿಮೆಣಸಿನಕಾಯಿ ಖಾರ, ಕೊತ್ತಂಬರಿ ಸೊಪ್ಪಿನ ಚೂರು, ಮೇಲೆ ಸಾಸಿವೆ ಒಗ್ಗರಣೆ. ಅಳತೆ ಬಿಗಿ ಮಾಡಿದರೂ ರುಚಿಗೆ ಕೈ ಹಾಕಲಿಲ್ಲ. ಆವತ್ತೇ ನನಗೆ ಈ ಹೋಟೆಲ್ ಮೇಲೆ ನಂಬಿಕೆ ಬಂತು.

ಬೆಲೆ ವಿಷಯ ಬಂದಾಗೆಲ್ಲ ಎಂಟಿಆರ್ ಕಥೆ ನೆನಪಾಗುತ್ತದೆ. ತುರ್ತುಪರಿಸ್ಥಿತಿ ಕಾಲದಲ್ಲಿ ಹೋಟೆಲ್ ತಿಂಡಿಗಳ ದರ ಇಳಿಸಲೇಬೇಕು ಅಂತ ಸರ್ಕಾರ ಕಟ್ಟುನಿಟ್ಟು ಮಾಡಿತು. ಆ ದರಕ್ಕೆ ಆ ಗುಣಮಟ್ಟ ಕೊಡಲು ಆಗುವುದಿಲ್ಲ ಅಂತ ಅವರು ಕೆಲವು ವರ್ಷ ಹೋಟೆಲನ್ನೇ ಮುಚ್ಚಿದರು. ಕೈಯಲ್ಲಿದ್ದ ಕೆಲಸಗಾರರಿಗೆ ಕೆಲಸ ಬೇಕಲ್ಲ, ಪುಡಿ, ಮಿಕ್ಸ್ ಪ್ಯಾಕೆಟ್ ಮಾಡಿ ಮಾರತೊಡಗಿದರು. ಇವತ್ತು ಮನೆಮನೆಯಲ್ಲಿರುವ ರೆಡಿ ಪ್ಯಾಕೆಟ್‌ಗಳ ಹಿಂದೆ ಆ ಸಂಕಟ ಇದೆ. ಹಾಗಾಗಿ ಇಡ್ಲಿಗೆ ಐದು ರೂಪಾಯಿ ಏರಿಸಿದರು ಅಂತ ಯಾರಾದರೂ ಕೂಗಾಡಿದರೆ ನಾನು ಹೂಂ ಅನ್ನುವುದಿಲ್ಲ. ಏರಿಸಲಿ. ಏರಿಸದೆ ಇದ್ದವರ ತಟ್ಟೆಯಲ್ಲಿ ಏನು ಕಡಿಮೆಯಾಯಿತು ಅಂತ ನೋಡಬೇಕು.

ಕಾಫಿಯೂ ಅದೇ ಕಥೆ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿಯಾಯಿತು. ಕಾಫಿಪುಡಿ ಅದಕ್ಕೂ ಮೊದಲೇ ಏರುತ್ತಿತ್ತು. ಆಮೇಲೆ ಕೆಲವು ಕಡೆ ಲೋಟ ಚಿಕ್ಕದಾಯಿತು, ಕೆಲವು ಕಡೆ ಹಾಲು ತೆಳ್ಳಗಾಯಿತು, ಚಿಕೋರಿ ಪಾಲು ಏರಿ ಕಾಫಿ ಕಪ್ಪಗೆ ಕಾಣುತ್ತಾ ಕಹಿಯಾಯಿತು. ಮೆಡಿಕಲ್ ಸ್ಟೋರ್ ಪಕ್ಕದವರಲ್ಲಿ ಲೋಟ ಚಿಕ್ಕದಾಗಿದೆ, ಕಾಫಿ ಕಾಫಿಯಾಗಿಯೇ ಇದೆ. ಅಲ್ಲೂ ಹೊತ್ತಿನ ಲೆಕ್ಕ ಬಿಡುವ ಹಾಗಿಲ್ಲ. ಡಿಕಾಕ್ಷನ್ ಬೆಳಿಗ್ಗೆ ಇಳಿಸುತ್ತಾರೆ, ಮಧ್ಯಾಹ್ನ ಮೂರೂವರೆಗೆ ಮತ್ತೆ ಇಳಿಸುತ್ತಾರೆ. ಹನ್ನೊಂದು ಗಂಟೆಯ ಕಾಫಿ ಅಂದರೆ ಬೆಳಗಿನ ಡಿಕಾಕ್ಷನ್ನಿನ ತಳ. ಆ ಹೊತ್ತಿಗೆ ಕುಡಿಯಲೇಬೇಕು ಅಂದರೆ ಟೀ ಹೇಳಿ.

ದರ್ಶಿನಿಗಳ ಬಗ್ಗೆ ನಮ್ಮ ಹಿರಿಯರಿಗೆ ಒಂದು ಅಸಮಾಧಾನ ಇತ್ತು, ನಿಂತುಕೊಂಡು ತಿನ್ನುವುದೇನು ಊಟವೇ ಅಂತ. ನಮ್ಮಮ್ಮ ಈಗಲೂ ಒಪ್ಪುವುದಿಲ್ಲ. ಆದರೆ 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲೆ ಊರು ತುಂಬ ಹಬ್ಬಿದ ಈ ನಮೂನೆಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಅಡುಗೆಮನೆ ಕಣ್ಣ ಮುಂದೆ ಇರುತ್ತದೆ. ಟೋಕನ್ ಹಿಡಿದು ನಿಂತ ಐದು ನಿಮಿಷದಲ್ಲಿ ಎಷ್ಟೋ ವಿಷಯ ಗೊತ್ತಾಗುತ್ತದೆ. ತಟ್ಟೆ ತೊಳೆದ ಮೇಲೆ ಬಿಸಿನೀರಿಗೆ ಅದ್ದುತ್ತಾರಾ, ಒರೆಸುವ ಬಟ್ಟೆ ಯಾವ ಬಣ್ಣಕ್ಕೆ ಬಂದಿದೆ, ವಡೆ ಬಾಣಲೆಯ ಎಣ್ಣೆ ಹೊಂಬಣ್ಣ ಇದೆಯಾ ಕಪ್ಪಾಗಿದೆಯಾ, ದುಡ್ಡು ಮುಟ್ಟಿದ ಕೈ ಇಡ್ಲಿಯನ್ನೂ ಮುಟ್ಟುತ್ತದಾ. ಇಡ್ಲಿ ತಟ್ಟೆಗೆ ಬಟ್ಟೆ ಹಾಸುತ್ತಾರೋ ಪ್ಲಾಸ್ಟಿಕ್ ಹಾಳೆಯೋ ಅನ್ನುವುದನ್ನೂ ನೋಡಿ. 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆಯೇ ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಬಳಸಬಾರದು ಅಂತ ಹೇಳಬೇಕಾಗಿ ಬಂತು. ಅಂದರೆ ಎಷ್ಟು ಕಡೆ ಬಳಸುತ್ತಿದ್ದರು ಅಂತ ನೀವೇ ಯೋಚಿಸಿ. ಹಬೆಯಲ್ಲಿ ಬಿಸಿಯಾದ ಪ್ಲಾಸ್ಟಿಕ್ ಮೇಲೆ ಕೂತ ಇಡ್ಲಿ! ನಾನು ಈಗ ನಾಚಿಕೆಪಡದೆ ಕತ್ತು ಚಾಚಿ ನೋಡುತ್ತೇನೆ. ಬಟ್ಟೆ ಹಾಕಿದ ಇಡ್ಲಿ ಗುರುತಿಸುವುದು ಸುಲಭ, ಅಡಿಭಾಗದಲ್ಲಿ ನೇಯ್ಗೆಯ ಸಣ್ಣ ಗೆರೆ ಮೂಡಿರುತ್ತದೆ.

ದೋಸೆಗೆ ಬರುತ್ತೇನೆ. ಬೆಳಿಗ್ಗೆ ದೋಸೆ ಬೇಡ ಅಂತ ಆ ಆಟೋದವರು ಹೇಳಿದ್ದು ಯಾಕೆ ಅಂತ ಕೆಲ ದಿನ ಅರ್ಥ ಆಗಿರಲಿಲ್ಲ. ಬೆಳಿಗ್ಗೆ ನಮ್ಮ ಕಡೆ ಎಲ್ಲರಿಗೂ ಅವಸರ. ಪಾರ್ಸೆಲ್‌ನವರು, ಆಪ್‌ನ ಡೆಲಿವರಿ ಹುಡುಗರು, ಪಿಜಿ ಹುಡುಗರು ಎಲ್ಲ ಒಟ್ಟಿಗೆ. ಕಾವಲಿ ಮೇಲೆ ಜಾಗ ಇರುವುದಿಲ್ಲ, ದೋಸೆ ಕೆಂಪಾಗುವ ಮೊದಲೇ ಎತ್ತಿಬಿಡುತ್ತಾರೆ. ಹನ್ನೆರಡಕ್ಕೆ ಕಾವಲಿ ಆರುತ್ತದೆ, ಊಟದ ಹೊತ್ತು. ಮತ್ತೆ ಹಚ್ಚುವುದು ನಾಲ್ಕಕ್ಕೆ. ಅವಾಗ ನೋಡಬೇಕು.

ನಾಲ್ಕಕ್ಕೆ ಹೋದರೆ ನೀವು, ಇನ್ನಿಬ್ಬರು, ಬ್ಯಾಂಕಿಂದ ಬಂದ ಒಬ್ಬರು. ಭಟ್ಟರಿಗೆ ಪುರುಸೊತ್ತಿದೆ. ಕಾವಲಿಗೆ ನೀರು ಚಿಮುಕಿಸುತ್ತಾರೆ, ಚುಂಯ್ ಅಂತ ಹಬೆ ಏಳುತ್ತದೆ, ಗಿಡ್ಡ ಪೊರಕೆಯಿಂದ ಗುಡಿಸುತ್ತಾರೆ. ಹಿಟ್ಟು ಮಧ್ಯದಲ್ಲಿ ಬಿಟ್ಟು ಬಟ್ಟಲಿನ ತಳದಲ್ಲಿ ಸುತ್ತುತ್ತಾ ಹೊರಗೆ ಬರುತ್ತಾರೆ. ಅಂಚಿಗೆ ಎಣ್ಣೆ. ಸ್ವಲ್ಪ ಕಾಯುತ್ತಾರೆ, ಈ ಕಾಯುವುದೇ ಬೆಳಿಗ್ಗೆ ಇಲ್ಲದ್ದು. ಮೇಲ್ಮೈ ಒಣಗಿದ ಮೇಲೆ ಕೆಂಪು ಚಟ್ನಿ ಸವರಿ, ಆಲೂಗಡ್ಡೆ ಪಲ್ಯ ಒಂದು ಕಡೆ ಇಟ್ಟು, ಬೆಣ್ಣೆ ಒಂದು ಚೂರು. ಕೆಳಗೆ ಕೆಂಪಗೆ ಗರಿಗರಿ, ಒಳಗೆ ಮೆತ್ತಗೆ. ಆ ಕೆಂಪು ಬರಲು ಹಿಟ್ಟಿಗೆ ಮೆಂತ್ಯ, ಕಡಲೆಬೇಳೆ, ಅವಲಕ್ಕಿ ಎಲ್ಲ ಬೀಳುತ್ತದೆ, ಆದರೆ ಕಾವಲಿ ಮೇಲೆ ಬಿಡುವಷ್ಟು ತಾಳ್ಮೆ ಇಲ್ಲದಿದ್ದರೆ ಏನು ಹಾಕಿಯೂ ಪ್ರಯೋಜನ ಇಲ್ಲ. ಡಿಸೆಂಬರ್ ಚಳಿಯಲ್ಲಿ ಹಿಟ್ಟು ಸರಿಯಾಗಿ ಹುದುಗದೆ ಬೆಳಗಿನ ದೋಸೆ ಸಪ್ಪೆ ಹೊಡೆಯುತ್ತದೆ. ಅದೇ ಹಿಟ್ಟು ಸಂಜೆಗೆ ಹದಕ್ಕೆ ಬಂದಿರುತ್ತದೆ. ಸಂಜೆ ದೋಸೆಗೆ ಇದು ಇನ್ನೊಂದು ಕಾರಣ.

ಅಮ್ಮನ ಪರೀಕ್ಷೆ ಬೇರೆಯೇ. ರುಚಿ ಬಗ್ಗೆ ತಕ್ಷಣ ಏನೂ ಹೇಳುವುದಿಲ್ಲ. ಮನೆಗೆ ಬಂದು ಎರಡು ಗಂಟೆ ಆದ ಮೇಲೆ "ನೀರು ಕುಡಿದೂ ಕುಡಿದೂ ಸಾಕಾಯ್ತು, ಸೋಡಾ ಸುರಿದಿದಾನೆ" ಅಂದರೆ ಆ ಹೋಟೆಲ್ ಕಥೆ ಮುಗಿಯಿತು, ಇನ್ನು ಅಲ್ಲಿಗೆ ಕರೆದರೆ ಬರುವುದಿಲ್ಲ. ನಾಲ್ಕು ಗಂಟೆ ದೋಸೆ ಪಾಸಾಗಿದೆ. ರಿಂಗ್ ರೋಡ್ ಮೇಲಿನ ಒಂದು ಹೊಸ ಹೋಟೆಲ್ ಮೊದಲ ಸಲವೇ ಫೇಲ್.

ಆ ಹೊಸ ಹೋಟೆಲ್ ಬಗ್ಗೆ ಒಂದು ಮಾತು. ಹೆಸರು ಬೇಡ, ಅದೇ ಥರದ್ದು ಈಗ ಎಲ್ಲ ಏರಿಯಾದಲ್ಲೂ ಬಂದಿವೆ. ಬಾಗಿಲಲ್ಲಿ ಹಿತ್ತಾಳೆ ದೀಪ, ಒಳಗೆ ದೇವಸ್ಥಾನದ ಕಂಬ, ಸ್ಪೀಕರಿನಲ್ಲಿ ನಾದಸ್ವರ, ಮೊಬೈಲ್ ಎತ್ತಿ ಹಿಡಿದ ಜನ. ಇಡ್ಲಿ ಮೇಲೆ ಪುಡಿ, ಪುಡಿ ಮೇಲೆ ತುಪ್ಪ, ತುಪ್ಪದ ಮೇಲೆ ಮತ್ತೆ ತುಪ್ಪ. ವಿಡಿಯೋದಲ್ಲಿ ತುಂಬ ಚೆನ್ನಾಗಿ ಕಾಣುತ್ತದೆ. ತಿಂದರೆ ಮೂರನೇ ತುತ್ತಿಗೆ ಇಡ್ಲಿ ಎಲ್ಲಿದೆ ಅಂತ ಹುಡುಕಬೇಕು. ತುಪ್ಪಕ್ಕೆ ನನ್ನ ವಿರೋಧ ಇಲ್ಲ, ಅದನ್ನು ಸುರಿದು ಸುಮಾರಾದ ಇಡ್ಲಿಯನ್ನು ಮುಚ್ಚುವುದಕ್ಕೆ ಇದೆ. ಹಾಗೊಂದು ಕಡೆ ಹೋದರೆ ತುಪ್ಪ ಬೇಡ ಅಂತ ಹೇಳಿ ಪ್ಲೇನ್ ಇಡ್ಲಿ ತಗೊಂಡು ನೋಡಿ. ಅದು ಚೆನ್ನಾಗಿದ್ದರೆ ಹೋಟೆಲ್ ಗಟ್ಟಿ.

ಮಧ್ಯಾಹ್ನದ ಊಟ ಹುಡುಕುವುದು ತಿಂಡಿಗಿಂತ ಕಷ್ಟ. ಮೀಲ್ಸ್ ಅಂತ ಎಲ್ಲ ಕಡೆ ಬೋರ್ಡಿದೆ. ಒಂದು ಪೂರಿ, ಒಂದು ಸಾಗು, ಒಂದು ಬಣ್ಣದ ಅನ್ನ, ಬಿಳಿ ಅನ್ನ, ಸಾಂಬಾರ್, ರಸಂ, ಮೊಸರು, ಹಪ್ಪಳ, ಚಿಕ್ಕ ಬಟ್ಟಲಲ್ಲಿ ಪಾಯಸ. ಇಷ್ಟೆಲ್ಲ ಇದ್ದೂ ಊಟ ಮಾಡಿದ ಹಾಗೆ ಆಗುವುದಿಲ್ಲ. ಹನ್ನೆರಡೂವರೆಗೆ ಹೋದರೆ ಪರವಾಗಿಲ್ಲ, ಎರಡು ಗಂಟೆ ಮೇಲೆ ಹೋದರೆ ಪಲ್ಯ ಬಾಡಿರುತ್ತದೆ. ರಸಂ ಒಂದು ಚಮಚ ಬಾಯಿಗೆ ಹಾಕಿ ನೋಡಿ, ಕಾಳುಮೆಣಸು ಜೀರಿಗೆ ಪರಿಮಳ ಬಂದರೆ ಸರಿ. ಸಾಂಬಾರಿಗೇ ನೀರು ಹಾಕಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇಂದಿರಾ ಕ್ಯಾಂಟೀನ್ 2017ರಲ್ಲಿ ಶುರುವಾದಾಗ 10 ರೂಪಾಯಿಗೆ ಊಟ ಅಂದರೆ ಜನ ನಕ್ಕರು. ಬಾಗಿಲು ತೆಗೆದ ಹೊತ್ತಿಗೆ ಸಾಲಲ್ಲಿ ನಿಂತು ತಿಂದರೆ ಅನ್ನ ಸಾಂಬಾರ್ ಬಿಸಿಯಾಗಿ ಸಿಗುತ್ತದೆ, ದೊಡ್ಡ ದೊಡ್ಡ ಮೀಲ್ಸ್‌ಗಳಿಗಿಂತ ನೆಮ್ಮದಿ.

ನಮ್ಮ ಕಡೆ ಮಧ್ಯಾಹ್ನಕ್ಕೆ ನಾನು ಕಂಡುಕೊಂಡದ್ದು ಖಾನಾವಳಿ. ಇದನ್ನು ಮ್ಯಾಪ್ ಹೇಳುವುದಿಲ್ಲ. ಉತ್ತರ ಕರ್ನಾಟಕದ ಹುಡುಗರು ಪಿಜಿಗಳಲ್ಲಿ ಇರುವ ಕಡೆ ಹತ್ತಿರದಲ್ಲೇ ಒಂದು ಖಾನಾವಳಿ ಇದ್ದೇ ಇರುತ್ತದೆ ಅನ್ನುವ ಲೆಕ್ಕದಲ್ಲಿ ಹುಡುಕಬೇಕು. ಇದು ಒಂದು ಮನೆಯ ಕೆಳಮಹಡಿ, ಬಾಗಿಲಲ್ಲಿ ಬಸವಣ್ಣನವರ ಫೋಟೋ, ನಾಲ್ಕು ಟೇಬಲ್. ಒಳಗಿಂದ ರೊಟ್ಟಿ ಬಡಿಯುವ ಸದ್ದು ಟಪ ಟಪ ಅಂತ ಬರುತ್ತಿರುತ್ತದೆ. ಆ ಸದ್ದು ಬರುತ್ತಿದ್ದರೆ ಒಳಗೆ ಹೋಗಿ, ಇಲ್ಲದಿದ್ದರೆ ಬೆಳಗಿನ ರೊಟ್ಟಿ ಅಂತ ಅರ್ಥ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೇಲೆ ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯ ಸೊಪ್ಪು. ಬಡಿಸುವ ಅಕ್ಕ ಎರಡು ರೊಟ್ಟಿ ಆದ ಮೇಲೆ ಕೇಳುವುದಿಲ್ಲ, ಇನ್ನೊಂದು ಹಾಕಿಬಿಡುತ್ತಾರೆ.

"ಸಾಕ್ರೀ ಅಕ್ಕಾ" ಅಂದರೆ, "ಇಷ್ಟ್ ಉಂಡ್ರ ಹೆಂಗ್ರೀ, ಇನ್ನೂ ಅನ್ನ ಸಾರು ಐತಿ" ಅನ್ನುತ್ತಾರೆ. ಒಂದು ಸಲ ಬದನೆಕಾಯಿ ಚೆನ್ನಾಗಿಲ್ಲ ಅಂತ ಎಣ್ಣೆಗಾಯಿಯನ್ನೇ ಮಾಡಿರಲಿಲ್ಲ. "ಮಾರ್ಕೆಟ್ನ್ಯಾಗ ಎಲ್ಲಾ ಹುಳ ಇದ್ವು, ಇವತ್ತ ಬ್ಯಾಡ್ರೀ, ಜುಣಕ ಹಾಕ್ತೀನಿ." ಇಲ್ಲ ಅಂತ ಹೇಳುವ ಹೋಟೆಲ್‌ಗಳು ನನಗೆ ತುಂಬ ಇಷ್ಟ. ಕಾರ್ಡಿನಲ್ಲಿ ನೂರೈವತ್ತು ಐಟಂ ಬರೆದು, ಏನು ಕೇಳಿದರೂ ಇದೆ ಅನ್ನುವವರ ಫ್ರಿಜ್ ಒಳಗೆ ಏನೇನಿದೆಯೋ.

ಸೀಸನ್ ನೋಡಿ ಅಡುಗೆ ಬದಲಾಯಿಸುವವರೂ ಇದೇ ಜಾತಿಗೆ ಸೇರಿದವರು. ಡಿಸೆಂಬರ್, ಜನವರಿಯಲ್ಲಿ ಮಾಗಡಿ ಕಡೆಯಿಂದ ಅವರೆಕಾಯಿ ಬರುತ್ತದೆ, ನಮ್ಮ ರಸ್ತೆ ಬದಿಯಲ್ಲೇ ರಾಶಿ ಹಾಕುತ್ತಾರೆ. ಆ ಹೊತ್ತಲ್ಲೂ ಬೋರ್ಡ್ ಮೇಲೆ ಅವರೆಕಾಳು ಉಪ್ಪಿಟ್ಟೋ ಹಿತಕಿದಬೇಳೆ ಸಾರೋ ಕಾಣಿಸದ ಹೋಟೆಲ್ ಅಂದರೆ ಅಲ್ಲಿ ಅಡುಗೆ ಮಾಡುವವರಿಗೆ ಕಿಟಕಿ ಇಲ್ಲ ಅಂತ ನಾನು ಅಂದುಕೊಳ್ಳುತ್ತೇನೆ.

ಇನ್ನು 'ಶುದ್ಧ ಸಸ್ಯಾಹಾರಿ' ಬೋರ್ಡಿನ ವಿಷಯ. ನಾನು ಹುಟ್ಟಿನಿಂದ ತಿನ್ನುತ್ತಿರುವುದು ಇದೇ, ಆದ್ದರಿಂದ ಮಾಂಸ, ಮೊಟ್ಟೆ ಇಲ್ಲದ ಅಡುಗೆಮನೆ ಬೇಕು ಅನ್ನುವುದು ನನಗೆ ಅರ್ಥವಾಗುತ್ತದೆ. ಆದರೆ ಆ 'ಶುದ್ಧ'ವನ್ನು ಎಳೆದು ಜನರ ಮೇಲೆ ಹಾಕಿದಾಗ ಇರಿಸುಮುರಿಸಾಗುತ್ತದೆ. ಎಂಟಿಆರ್‌ನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್ ಅಂತ ಇತ್ತು, ಆ ಕಾಲ ಅಂಥದ್ದು. 2024ರ ಮಾರ್ಚಿನಲ್ಲಿ ಜೊಮ್ಯಾಟೊದವರು ಪ್ಯೂರ್ ವೆಜ್‌ಗೆ ಬೇರೆ ಡೆಲಿವರಿ ಹುಡುಗರು, ಅವರಿಗೆ ಹಸಿರು ಬಟ್ಟೆ ಅಂತ ಶುರುಮಾಡಿ, ಜನ ಉಗಿದ ಮೇಲೆ ಮಾರನೇ ದಿನವೇ ಹಸಿರು ಬಟ್ಟೆ ಕೈಬಿಟ್ಟರು. ಊಟ ಹೊತ್ತು ತರುವವನ ಬಟ್ಟೆ ಬಣ್ಣದಿಂದ ನನ್ನ ಅನ್ನ ಸಾರಿಗೆ ಏನಾಗಬೇಕು ಹೇಳಿ. ಬೋರ್ಡಿನಲ್ಲಿ ಶುದ್ಧ ಅಂತ ಬರೆದು ಹಿಂದುಗಡೆ ಚರಂಡಿ ಪಕ್ಕ ತರಕಾರಿ ಹೆಚ್ಚುವವರನ್ನೂ ನೋಡಿದ್ದೇನೆ.

ಆಪ್‌ನಲ್ಲಿ ತರಿಸುವವರಿಗೆ ಒಂದು ಉಪಾಯ ಹೇಳುತ್ತೇನೆ. ಹೋಟೆಲ್ ಪುಟದ ಕೆಳಗೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟದ್ದು, ಇರುತ್ತದೆ, 14 ಅಂಕಿ. 2022ರಿಂದ ಬಿಲ್ ಮೇಲೂ ಹಾಕಬೇಕು ಅಂತ ನಿಯಮ ಇದೆ. ಅದನ್ನು ಹೋಲಿಸಿ ನೋಡಿ. 'ಅಜ್ಜಿ' ಹೆಸರಿನ ದೋಸೆ ಅಂಗಡಿ, ಪಂಜಾಬಿ ಹೆಸರಿನ ಪರೋಟ ಅಂಗಡಿ, ಇನ್ನೊಂದು ಬಿರಿಯಾನಿ ಅಂಗಡಿ ಮೂರಕ್ಕೂ ಒಂದೇ ನಂಬರ್ ಬಂದರೆ ಮೂರೂ ಒಂದೇ ಒಲೆ. ವೆಜ್ ಮಾತ್ರ ಅಂತ ನಂಬಿ ತರಿಸಿದವರಿಗೆ ಇದು ಗೊತ್ತಿರಬೇಕು. ಮ್ಯಾಪಿನ ರಿವ್ಯೂಗಳನ್ನು ಓದುವುದಾದರೆ ಹೊಸದು ಮೊದಲು ಬರುವ ಹಾಗೆ ಮಾಡಿಕೊಂಡು, ಕನ್ನಡದಲ್ಲಿ ಬರೆದವರದ್ದನ್ನು ಮೊದಲು ಓದಿ. ಅವರು ಹೆಚ್ಚಾಗಿ ಆ ಬೀದಿಯವರೇ ಆಗಿರುತ್ತಾರೆ. ಆಂಬಿಯೆನ್ಸ್ ಬಗ್ಗೆ ಬರೆಯುವುದಿಲ್ಲ, 'ಚಟ್ನಿ ನೀರು, ಕ್ಯಾಶಿಯರ್ ಸಿಡುಕ, ವಡೆ ಸೂಪರ್' ಅಂತ ಬರೆಯುತ್ತಾರೆ. ನಮಗೆ ಬೇಕಾಗಿರುವುದು ಅದೇ.

ಸಂಜೆ ಆರರ ಮೇಲೆ ಗೋಬಿ ಮಂಚೂರಿ ಗಾಡಿಗಳ ರಾಜ್ಯ. 2024ರ ಮಾರ್ಚಿನಲ್ಲಿ ರಾಜ್ಯದಲ್ಲಿ ಗೋಬಿಯ 171 ಸ್ಯಾಂಪಲ್ ಪರೀಕ್ಷೆ ಮಾಡಿಸಿದಾಗ 107ರಲ್ಲಿ ತಿನ್ನಬಾರದ ಬಣ್ಣ ಸಿಕ್ಕಿತು, ಕೃತಕ ಬಣ್ಣ ಹಾಕಬಾರದು ಅಂತ ಆದೇಶವೂ ಆಯಿತು. ಆಮೇಲೆ ಕೆಲ ತಿಂಗಳು ನಮ್ಮ ಗಾಡಿಯ ಗೋಬಿ ಕಂದು ಬಣ್ಣಕ್ಕೆ ಬಂದಿತ್ತು. ಈಗ ನಿಧಾನಕ್ಕೆ ಮತ್ತೆ ಕೆಂಪಾಗುತ್ತಿದೆ. ನಾನು ಆ ಹೊತ್ತಿಗೆ ಬೇಕರಿ ಖಾರಾ ಬನ್ನಿಗೆ ತೃಪ್ತಿಪಡುತ್ತೇನೆ, ಅಷ್ಟು ಸಾಕು.

ಹೀಗೆ ಬೆಳಿಗ್ಗೆ ಎಂಟಕ್ಕೆ ಇಡ್ಲಿ ಇದೆ, ಕಾಫಿ ಇದೆ, ಒಂದೂವರೆಗೆ ರೊಟ್ಟಿ ಇದೆ, ನಾಲ್ಕಕ್ಕೆ ದೋಸೆ ಇದೆ. ಸಿಗದೆ ಉಳಿದಿರುವುದು ರಾತ್ರಿ. ಒಂಬತ್ತೂವರೆ ಮೇಲೆ ಈ ಏರಿಯಾದಲ್ಲಿ ವೆಜ್ ತಿನ್ನುವವನಿಗೆ ಫ್ರೈಡ್ ರೈಸ್, ಗೋಬಿ ಬಿಟ್ಟರೆ ಗತಿಯಿಲ್ಲ. ನನಗೆ ಬೇಕಾಗಿರುವುದು ಬಿಸಿ ಅನ್ನ, ತಿಳಿಸಾರು, ಒಂದು ಹಪ್ಪಳ, ಮಜ್ಜಿಗೆ. ಮುದ್ದೆ ಬಸ್ಸಾರು ಸಿಕ್ಕರಂತೂ ಕೇಳುವುದೇ ಬೇಡ. ಬಹಳಷ್ಟು ಕಡೆ ಅಷ್ಟೊತ್ತಿಗೆ ಕುರ್ಚಿಗಳನ್ನು ಟೇಬಲ್ ಮೇಲೆ ಮಗುಚಿ ನೆಲ ಒರೆಸುತ್ತಿರುತ್ತಾರೆ. ಉಳ್ಳಾಲ ಮೇನ್ ರೋಡಿನಲ್ಲಿ ಹತ್ತೂವರೆ ತನಕ ಮುದ್ದೆ ಕೊಡುವ ಒಂದು ವೆಜ್ ಹೋಟೆಲ್ ಇದೆಯಂತೆ, ಹೇಳಿದ್ದು ಅದೇ ಆಟೋ ಅಣ್ಣ. ಸೊಪ್ಪಿನ ಸಾರು ಇರುವ ದಿನ ಯಾವುದು ಅಂತ ವಿಚಾರಿಸಿ ಹೇಳುತ್ತೇನೆ ಅಂದಿದ್ದಾರೆ. ಈ ವಾರ ಹೋಗಬೇಕು.